ಎಲೆ ಎತ್ತದ ಹುಡುಗಿ

"ಜಗಳ ನೋಡೋಕೆ ಬಂದಿದ್ರೆ ಪಕ್ಕಕ್ಕೆ ನಿಂತ್ಕೊಳಿ ಮೇಡಂ. ಹಾಲು ತಂದಿದ್ರೆ ಮಾತ್ರ ಲೈನಿಗೆ ಬನ್ನಿ."

ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೇ ತಿರುಗಿ ನೋಡಿದರು. ಯಾರೋ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಕೋಮಲಳ ಕಿವಿ ಬಿಸಿಯಾಯಿತು.

ಬೆಳಕು ಹರಿಯುವ ಮೊದಲೇ ನಂಜನಗೂಡಿನಲ್ಲಿ ಬಸ್ಸು ಹತ್ತಿ, ತಿ. ನರಸೀಪುರದಲ್ಲಿ ಇಳಿದು, ಸೋಸಲೆ ಕಡೆಯ ಬಸ್ಸಿಗೆ ಕಾದು, ಮುಖ್ಯ ರಸ್ತೆಯಿಂದ ಧೂಳಿನಲ್ಲಿ ನಡೆದು ಈ ಕೊಪ್ಪಲಿಗೆ ಬಂದಿದ್ದಳು. ಬಂದ ಮೊದಲ ಮಾತಿಗೇ ಈ ಮರ್ಯಾದೆ!

ಮಾತಾಡಿದವನು ತಲೆ ಎತ್ತಿಯೂ ನೋಡಿರಲಿಲ್ಲ. ತೋಳು ಮಡಚಿದ ಅಂಗಿ, ಅಂಗಿಯ ತುಂಬ ಹಾಲಿನ ಕಲೆ. ಹಾಲಿನ ಗಟ್ಟಿತನದ ಡಿಗ್ರಿ ತೋರಿಸುವ ಗಾಜಿನ ಮೀಟರನ್ನು ಕ್ಯಾನಿಗೆ ಇಳಿಬಿಟ್ಟು ಕಣ್ಣು ಕಿರಿದು ಮಾಡಿ ಓದುತ್ತಿದ್ದ. ಅವನೇ ಕಾಂತರಾಜು, ಈ ಹಾಲಿನ ಸಂಘದ ಕಾರ್ಯದರ್ಶಿ.

"ನಾನು ಜಗಳ ನೋಡೋಕೆ ಬಂದಿಲ್ಲ. ಯೂನಿವರ್ಸಿಟಿಯಲ್ಲಿ ಪಿಎಚ್‌ಡಿ ಮಾಡ್ತಿದ್ದೀನಿ. ಸಂಘರ್ಷ ಪರಿಹಾರ, ಸಂಧಾನ, ಶಾಂತಿ..."

"ಜಗಳ ಬಿಡಿಸೋ ಓದು ಅನ್ನಿ." ಈಗ ತಲೆ ಎತ್ತಿದ. "ಅದಕ್ಕೂ ಡಿಗ್ರಿ ಕೊಡ್ತಾರಾ? ನಮ್ಮೂರಲ್ಲಿ ಹಾಲಿಗೆ ಮಾತ್ರ ಡಿಗ್ರಿ ನೋಡೋದು."

ಮತ್ತೆ ನಗು. ಕೋಮಲ ಹಲ್ಲು ಕಚ್ಚಿ ನಿಂತಳು. ಸಿಟ್ಟು ಬಂದಾಗ ಎದುರಿನವನ ಮಾತನ್ನು ಪೂರ್ತಿ ಕೇಳಬೇಕು ಎಂದು ಅವಳೇ ಹತ್ತಾರು ಸೆಮಿನಾರುಗಳಲ್ಲಿ ಹೇಳಿದ್ದಳು. ಹೇಳುವಾಗ ಎದುರಿಗೆ ಇಂಥವನು ಇರಲಿಲ್ಲ.

'ಇವನ ಸಹವಾಸ ಬೇಡ. ಇವತ್ತೇ ವಾಪಸ್ ಹೋಗಿ ಬೇರೆ ಊರು ಹುಡುಕಿಕೊಳ್ಳಬೇಕು...'

ಆದರೆ ಹೋಗಲಿಲ್ಲ. ಹಟದಲ್ಲಿ ಅವಳು ಅವರಮ್ಮನ ಮಗಳು.

* * *

ಕೊಪ್ಪಲಿನ ಜಗಳ ಕೇಳಿದವರು ಇಷ್ಟೇನಾ ಅನ್ನುತ್ತಾರೆ. ಇಷ್ಟೇ. ಐದು ವರ್ಷದ ಹಿಂದೆ ಒಂದು ಬೆಳಿಗ್ಗೆ, ಆಗ ಸಂಘದ ಅಧ್ಯಕ್ಷರಾಗಿದ್ದ ಮೇಲಿನ ಬೀದಿಯ ಪುಟ್ಟರಾಜು, ಕೆಳಗಿನ ಬೀದಿಯ ಸುಬ್ಬಲಕ್ಷ್ಮಮ್ಮನ ಹಾಲಿಗೆ ಮೀಟರು ಹಾಕಿದರು. ಡಿಗ್ರಿ ಬರಲಿಲ್ಲ. "ನೀರು ಬೆರ್ಸಿದ್ದೀಯ" ಎಂದು ಊರಿನೆದುರು ಕ್ಯಾನು ಎತ್ತಿ ಚರಂಡಿಗೆ ಸುರಿದರು.

ಅವತ್ತಿನಿಂದ ಕೆಳಗಿನ ಬೀದಿಯವರು ಈ ಡೈರಿಗೆ ಹಾಲು ಹಾಕಲಿಲ್ಲ. ಹೊತ್ತುಕೊಂಡು ಪಕ್ಕದ ಊರಿಗೆ ಹೋದರು. ಒಂದೇ ಜಾತಿ, ಹೆಣ್ಣು ಕೊಟ್ಟು ತಂದ ಮನೆಗಳು. ಮದುವೆ ಕರೆಯೋಲೆ ನಿಂತಿತು, ಸಾವಿಗೆ ಹೋಗುವುದು ನಿಂತಿತು. ತಹಸೀಲ್ದಾರರು ಬಂದರು, ಮಠದವರು ಹೇಳಿ ನೋಡಿದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಕಾಂತರಾಜು ಆ ಪುಟ್ಟರಾಜುವಿನ ಮಗ. ಅದು ಕೋಮಲಳಿಗೆ ತಿಳಿದದ್ದು ಅವರ ಮನೆಗೆ ಹೋದಾಗಲೇ.

ಪುಟ್ಟರಾಜು ಕುರ್ಚಿಯಲ್ಲಿ ಕೂತು ಎರಡು ಮಾತಿಗೆ ಒಂದು ಸಲ ಕೆಮ್ಮಿದರು. ಅವರ ಹೆಂಡತಿ ನಾಗರತ್ನ ಬಾಗಿಲ ಚೌಕಟ್ಟಿಗೆ ಒರಗಿ ನಿಂತು, ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಎಲ್ಲರೂ ಕೇಳುವ ಪ್ರಶ್ನೆಯನ್ನೇ ಕೇಳಿದರು.

"ನಿಮ್ದು ಯಾವೂರು ಕಣವ್ವ? ಯಾವ ಜನ?"

"ಊರು ಬಿಳಿಗೆರೆ ಹತ್ರ. ಈಗ ನಂಜನಗೂಡಲ್ಲಿದ್ದೀವಿ. ನಾವು ಬೌದ್ಧರು." ಒಂದು ಕ್ಷಣ ಬಿಟ್ಟು, ಅವರು ಕೇಳಲಿರುವ ಮುಂದಿನ ಪ್ರಶ್ನೆಗೂ ತಾನೇ ಉತ್ತರ ಕೊಟ್ಟಳು. "ಮೊದಲು ಎಸ್‌ಸಿ."

ನಾಗರತ್ನ "ಓ..." ಎಂದರು. ಕಾಫಿಗೆಂದು ಒಳಗೆ ಹೆಜ್ಜೆ ಇಡುವವರಿದ್ದರೋ, ಸುಮ್ಮನೆ ಸರಿದರೋ, ಕೋಮಲ ನೋಡಲಿಲ್ಲ. ಅವರು ತಿರುಗುವ ಮೊದಲೇ ಅವಸರವಾಗಿ ಹೇಳಿಬಿಟ್ಟಳು.

"ನನಗೆ ಏನೂ ಬೇಡಮ್ಮ. ನಮ್ಮ ಸಂಶೋಧನೆಯಲ್ಲಿ ನಿಯಮ ಇದೆ. ಎರಡೂ ಕಡೆಯವರ ಮನೆಯಲ್ಲಿ ಏನೂ ತಗೊಳ್ಳಬಾರದು. ತಟಸ್ಥವಾಗಿರಬೇಕು."

ಅದು ಸುಳ್ಳಲ್ಲ. ಅವಳ ಗೈಡ್ ಇಂದ್ರಾಣಿ ಮೇಡಂ ಹಾಗೇ ಹೇಳಿಕೊಟ್ಟಿದ್ದರು. ಕೆಳಗಿನ ಬೀದಿಯಲ್ಲಿ ಸುಬ್ಬಲಕ್ಷ್ಮಮ್ಮನ ಮನೆಯಲ್ಲೂ ಅದೇ ಮಾತು ಹೇಳಿದಳು. ಬಿಸಿಲಲ್ಲಿ ಗಂಟಲು ಒಣಗಿದರೂ ಬ್ಯಾಗಿನ ಬಾಟಲಿಯಿಂದಲೇ ನೀರು ಕುಡಿದಳು. ಊರಿನ ಹುಡುಗರು ಅವಳಿಗೆ 'ಬಾಟ್ಲಿ ಮೇಡಂ' ಎಂದು ಹೆಸರಿಟ್ಟರು.

ನಿಯಮ ಎಷ್ಟು ಅನುಕೂಲದ ವಸ್ತು ಎಂದು ಅವಳು ಆಗ ಯೋಚಿಸಲಿಲ್ಲ.

* * *

ತಿಂಗಳುಗಳು ಕಳೆದವು. ಕೆಲಸ ಆಮೆ ನಡಿಗೆಯಲ್ಲಿ ಸಾಗಿತು. ಮೇಲಿನ ಬೀದಿಯವರು ಹೇಳಿದ್ದನ್ನೇ ಹೇಳಿದರು, ಕೆಳಗಿನ ಬೀದಿಯವರು ಹೇಳಿದ್ದನ್ನೇ ಬೈದರು. "ನಮಗೆ ಬೇರೆ ಡೈರಿ ಕೊಡಿಸಿ, ಸಾಕು" ಎಂದು ಒಬ್ಬರು. "ಅವ್ರು ಬಂದು ಕಾಲಿಗೆ ಬೀಳ್ಲಿ" ಎಂದು ಇನ್ನೊಬ್ಬರು. ಗೈಡು ಫೋನಿನಲ್ಲಿ "ಡೇಟಾ ಚೆನ್ನಾಗಿ ಬರ್ತಿದೆಯಾ?" ಎಂದು ಕೇಳಿದಾಗಲೆಲ್ಲ ಕೋಮಲಳಿಗೆ ಫೋನು ನಾಲೆಗೆ ಎಸೆಯಬೇಕು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಊರೊಳಗೆ ಬರುವ ಒಂದೇ ಬಸ್ಸೂ ಬರಲಿಲ್ಲ. ಅರಳಿಮರದ ಕೆಳಗೆ ಕಾದು ಕಾದು ಸೋತು ಮುಖ್ಯ ರಸ್ತೆಗೆ ನಡೆಯಲು ಹೊರಟಳು. ಹಿಂದಿನಿಂದ ಬೈಕಿನ ಸದ್ದು.

"ಹತ್ತಿ ಮೇಡಂ, ನರಸೀಪುರಕ್ಕೆ ಬಿಡ್ತೀನಿ."

"ಬೇಡ. ನೀವು ಪುಟ್ಟರಾಜು ಅವರ ಮಗ. ನಿಮ್ಮ ಬೈಕಲ್ಲಿ ನನ್ನ ಕಂಡರೆ ಕೆಳಗಿನ ಬೀದಿಯವರು ನಾಳೆಯಿಂದ ಬಾಯಿ ಬಿಡಲ್ಲ."

"ಅಂದ್ರೆ ಬಿಸಿಲಲ್ಲಿ ಸಾಯ್ತೀರಿ?"

"ನಡೀತೀನಿ."

ಅವನು ಒಂದು ಕ್ಷಣ ನೋಡಿದ. ಬೈಕ್ ಆಫ್ ಮಾಡಿದ. ಇಳಿದ. ಬೈಕನ್ನು ತಳ್ಳಿಕೊಂಡು ಅವಳಿಂದ ಮಾರು ದೂರದಲ್ಲಿ ನಡೆಯತೊಡಗಿದ.

"ಏನ್ರೀ ಇದು?"

"ನಾನೂ ನಡೀತೀನಿ. ರಸ್ತೆ ಸರ್ಕಾರದ್ದು, ಯಾವ ಬೀದೀದೂ ಅಲ್ಲ."

ಪೆಟ್ರೋಲು ತುಂಬಿದ ಬೈಕನ್ನು ತಳ್ಳಿಕೊಂಡು ಹೋಗುವ ಗಂಡಸನ್ನು ಕೊಪ್ಪಲಿನ ಜನ ಮೊದಲ ಸಲ ನೋಡಿದರು. ಗದ್ದೆಯಲ್ಲಿದ್ದವರು ಕೆಲಸ ಬಿಟ್ಟು ನಿಂತರು. ಕೋಮಲಳಿಗೆ ನಗು ತಡೆಯಲಾಗಲಿಲ್ಲ, ತೋರಿಸಿಕೊಳ್ಳಲೂ ಆಗಲಿಲ್ಲ.

ಆ ದಾರಿಯಲ್ಲಿ ಅವನು ಯಾರಿಗೂ ಹೇಳದ ಮಾತು ಹೇಳಿದ.

"ಸುಬ್ಬಲಕ್ಷ್ಮಮ್ಮ ನೀರು ಬೆರ್ಸಿರ್ನಿಲ್ಲ ಮೇಡಂ. ಅವತ್ತು ಲೇಟಾಯ್ತು ಅಂತ ಕರೆದ ಹಾಲನ್ನ ಹಾಗೇ ಓಡಿ ತಂದಿದ್ರು. ಹಾಲು ಬಿಸಿ ಇದ್ರೆ ಮೀಟರು ಕಮ್ಮಿ ತೋರ್ಸುತ್ತೆ. ನಾನು ಟ್ರೈನಿಂಗಿಗೆ ಹೋದಾಗ ಕಲಿತೆ. ಬಂದು ಅಪ್ಪಂಗೆ ಹೇಳ್ದೆ."

"ಏನಂದ್ರು?"

"ಆರು ತಿಂಗಳು ನನ್ನ ಜೊತೆ ಮಾತಾಡ್ನಿಲ್ಲ. ಅವ್ರಿಗೂ ಗೊತ್ತಾಯ್ತು. ಗೊತ್ತಾದ್ಮೇಲೇ ಹಟ ಜಾಸ್ತಿ ಆಯ್ತು."

ಕೋಮಲ ನಿಂತುಬಿಟ್ಟಳು. ಇಷ್ಟು ದಿನ ಅವಳು ಹುಡುಕುತ್ತಿದ್ದ ಗಂಟು ಅದು. ಜನ ಬಾಯಲ್ಲಿ ಕೇಳುವುದು ಒಂದು, ಒಳಗೆ ಬೇಕಾಗಿರುವುದು ಇನ್ನೊಂದು. ಸುಬ್ಬಲಕ್ಷ್ಮಮ್ಮನಿಗೆ ಬೇರೆ ಡೈರಿ ಬೇಕಾಗಿರಲಿಲ್ಲ. ಯಾರ ಮುಂದೆ ಕಳ್ಳಿಯಾದಳೋ ಅವರ ಮುಂದೆಯೇ ಕಳ್ಳಿಯಲ್ಲ ಎನ್ನಿಸಿಕೊಳ್ಳಬೇಕಿತ್ತು. ಪುಟ್ಟರಾಜುವಿಗೆ ಬಾಯಿಬಿಟ್ಟು ತಪ್ಪಾಯಿತು ಅನ್ನದೆ ತಪ್ಪಿನಿಂದ ಇಳಿಯಲು ಒಂದು ಮೆಟ್ಟಿಲು ಬೇಕಿತ್ತು.

"ನೀವು ಇದನ್ನ ನನಗೆ ಯಾಕೆ ಹೇಳಿದ್ರಿ? ನಿಮ್ಮ ತಂದೆ ವಿರುದ್ಧದ ಮಾತು."

ಕಾಂತರಾಜು ಹಣೆಯ ಬೆವರನ್ನು ತೋಳಿಗೆ ಒರೆಸಿಕೊಂಡ. "ನಿಮ್ಮ ಹತ್ರ ಸುಳ್ಳು ಹೇಳೋಕೆ ಬರಲ್ಲ ನಂಗೆ. ಟ್ರೈ ಮಾಡಿ ನೋಡ್ದೆ."

ಅವಳು ಮತ್ತೆ ನಡೆಯತೊಡಗಿದಳು. ಅವತ್ತು ಬಸ್ಸಿನಲ್ಲಿ ನಂಜನಗೂಡು ಬಂದದ್ದೇ ತಿಳಿಯಲಿಲ್ಲ, ಕಂಡಕ್ಟರು ಎರಡು ಸಲ ಕೂಗಬೇಕಾಯಿತು.

'ತಟಸ್ಥ... ತಟಸ್ಥ...' ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಕೇಳಿಸಿಕೊಂಡರೆ ತಾನೆ?

* * *

ರಾಜಿಯ ದಿನ ಬಂತು.

ಎಷ್ಟು ಓಡಾಟ, ಎಷ್ಟು ಮುರಿದ ಮಾತು! ಕೊನೆಗೂ ಒಂದು ದಾರಿ ಕಂಡಿತ್ತು. ಪುಟ್ಟರಾಜು ತಪ್ಪಾಯಿತು ಅನ್ನುವುದಿಲ್ಲ. ಆದರೆ ತಾವೇ ಸುಬ್ಬಲಕ್ಷ್ಮಮ್ಮನ ಹೊಸಿಲಿಗೆ ಹೋಗಿ, ಅವಳ ಕ್ಯಾನನ್ನು ತಮ್ಮ ಕೈಯಲ್ಲಿ ಹೊತ್ತು ತಂದು, ಊರಿನೆದುರು ಡೈರಿಗೆ ಸುರಿಯುತ್ತಾರೆ. ಸುಬ್ಬಲಕ್ಷ್ಮಮ್ಮ ಎರಡು ದಿನ ಯೋಚಿಸಿ, "ಓಗ್ಲಿ, ಒತ್ಕೊಂಡು ಬರ್ಲಿ. ನನ್ನ ಕಣ್ಣಲ್ಲಿ ನೋಡ್ಬೇಕು" ಎಂದಿದ್ದಳು.

ಭಾನುವಾರ ಹಾಲು ಮುಗಿದ ಮೇಲೆ ಡೈರಿಯ ಜಗಲಿಯಲ್ಲಿ ಎರಡೂ ಬೀದಿ ಸೇರಿತು. ಐದು ವರ್ಷದ ಮೇಲೆ ಒಂದೇ ಚಾಪೆ. ಮಾತು ಮುಗಿಯಿತು. ಇನ್ನು ಎಲೆ ಅಡಿಕೆ ಎತ್ತಿದರೆ ಪುಟ್ಟರಾಜು ಎದ್ದು ಕೆಳಗಿನ ಬೀದಿಗೆ ಹೋಗುವುದು.

ನಾಗರತ್ನ ತಮ್ಮ ಮನೆಯಿಂದ ತಟ್ಟೆ ತಂದರು. ಸುಬ್ಬಲಕ್ಷ್ಮಮ್ಮ ಕೈ ಚಾಚಿ ತಡೆದಳು.

"ಮೊದ್ಲು ಆ ಮಗ ಎತ್ಲಿ. ಮಾತು ತಂದೋಳು ಅವ್ಳು."

ತಟ್ಟೆ ಕೋಮಲಳ ಮುಂದೆ ಬಂತು. ನಾಗರತ್ನರ ಕೈ. ಅವರ ಮನೆಯ ತಟ್ಟೆ. ಊರೆಲ್ಲ ನೋಡುತ್ತಿತ್ತು. ಅವಳ ಕೈ ಮೇಲೇಳಲಿಲ್ಲ.

"ಬೇಡಮ್ಮ... ನಾನು ತಗೊಳ್ಳೋ ಹಾಗಿಲ್ಲ. ನಾನು ಯಾರ ಕಡೆಯವಳೂ ಅಲ್ಲ. ನೀವು ನೀವು ತಗೊಳ್ಳಿ."

ಚಾಪೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಎಲೆ ಅಡಿಕೆ ಅಂದರೆ ಮರ್ಯಾದೆ ಎಂದು ಪೇಟೆಯಲ್ಲಿ ಬೆಳೆದ ಹುಡುಗಿಗೆ ಗೊತ್ತಿತ್ತು. ಮಾತು ತಂದವರು ಮೊದಲು ಎಲೆ ಎತ್ತದಿದ್ದರೆ ಆ ಮಾತೇ ಬಿದ್ದುಹೋಗುತ್ತದೆ ಎನ್ನುವುದು ಗೊತ್ತಿರಲಿಲ್ಲ. ಇಷ್ಟು ತಿಂಗಳಲ್ಲಿ ಯಾರೂ ಹೇಳಿರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರು ತಾನೆ ಹೇಳುತ್ತಾರೆ?

"ಅಂದ್ರೆ ಇದ್ರಲ್ಲಿ ಏನೋ ಐತೆ," ಎಂದಿತು ಕೆಳಗಿನ ಬೀದಿಯ ಒಂದು ದನಿ. "ಮಾಡ್ಸಿದೋಳೇ ಒಪ್ತಾ ಇಲ್ಲ."

"ನಮ್ಮನೆ ತಟ್ಟೆ ಅಂತ ಎತ್ನಿಲ್ವೋ ಏನೋ," ಎಂದಿತು ಮೇಲಿನ ಬೀದಿಯ ಇನ್ನೊಂದು.

"ಇಲ್ಲ, ಇಲ್ಲ, ನಾನು ಹೇಳಿದ್ದು..." ಕೋಮಲ ಮಾತು ಮುಗಿಸುವಷ್ಟರಲ್ಲಿ ಪುಟ್ಟರಾಜು ಟವೆಲು ಕೊಡವಿ ಎದ್ದು ನಿಂತಿದ್ದರು. ಇಳಿಯಲು ಹಾಕಿದ್ದ ಮೆಟ್ಟಿಲು ಸರಿದುಹೋಗಿತ್ತು. ಅವರು ಮನೆ ಕಡೆ ನಡೆದರು. ಸುಬ್ಬಲಕ್ಷ್ಮಮ್ಮ ಕೂತಲ್ಲೇ ಕಣ್ಣೊರೆಸಿಕೊಂಡಳು.

ಜನ ಚದುರಿದ ಮೇಲೆ ಕಾಂತರಾಜು ಡೈರಿಯ ಹಿಂದೆ ಅವಳನ್ನು ನಿಲ್ಲಿಸಿದ.

"ಒಂದು ಎಲೆ ಕಣ್ರೀ. ಒಂದೇ ಒಂದು ಎಲೆ ಎತ್ತಿದ್ರೆ ಏನಾಗ್ತಿತ್ತು?"

"ನನಗೆ ನಿಯಮ ಇದೆ ಅಂತ..."

"ನಿಯಮ! ನಮ್ಮನೆ ನೀರು ಕುಡಿಯಲ್ಲ, ನಮ್ಮವ್ವ ಕೊಟ್ಟ ಎಲೆ ಮುಟ್ಟಲ್ಲ. ನಾನು ಬಿಸಿಲಲ್ಲಿ ಬೈಕ್ ತಳ್ಕೊಂಡು ನಿಮ್ಮ ಹಿಂದೆ ನಡೆದೆ. ನಾನು ಯಾರು ನಿಮಗೆ? ನಿಮ್ಮ ಪುಸ್ತಕದಲ್ಲಿ ಮೇಲಿನ ಬೀದಿಯ ಒಬ್ಬ ಯುವಕ, ಅಷ್ಟೇನಾ?"

ಅವಳ ಒಳಗಿದ್ದದ್ದೆಲ್ಲ ಒಂದೇ ಸಲ ಕಟ್ಟೆ ಒಡೆಯಿತು.

"ನಮ್ಮನೆ ನೀರು ಅಂತೀರಲ್ಲ... ನಾನು ಕುಡೀತೀನಿ ಅಂದಿದ್ರೆ ನಿಮ್ಮನೇಲಿ ಯಾವ ಲೋಟದಲ್ಲಿ ಕೊಡ್ತಿದ್ರು? ಗೊತ್ತಾ ನಿಮಗೆ? ಯಾವತ್ತಾದ್ರೂ ಕೇಳಿದ್ದೀರಾ?"

ಕಾಂತರಾಜುವಿನ ಕಣ್ಣು ತಮ್ಮ ಮನೆಯ ಕಡೆ ಹೊರಳಿತು.

"ಕೇಳಿಲ್ಲ ಅಲ್ವಾ? ಕೇಳಿಕೊಂಡು ಬನ್ನಿ. ಆಮೇಲೆ ಎಲೆ ಲೆಕ್ಕ ಕೇಳಿ."

ಅವಳು ತಿರುಗಿ ನೋಡದೆ ಹೊರಟಳು. ಅವತ್ತು ಯಾರೂ ಬೈಕು ತಳ್ಳಿಕೊಂಡು ಹಿಂದೆ ಬರಲಿಲ್ಲ.

* * *

"ವಂಡರ್‌ಫುಲ್ ಕೋಮಲ," ಎಂದರು ಇಂದ್ರಾಣಿ ಮೇಡಂ ಫೋನಿನಲ್ಲಿ. "ಸೋತ ಸಂಧಾನದ ಮೇಲೆ ಬರೆದವರು ಕಡಿಮೆ. ಒಂದು ಅಧ್ಯಾಯ ಪೂರ್ತಿ ಆಗುತ್ತೆ."

ಕೋಮಲ ಫೋನಿಟ್ಟು ಗೋಡೆಗೆ ಒರಗಿದಳು. ಒಂದು ಊರಿನ ಹೊಟ್ಟೆಯುರಿ ಒಂದು ಅಧ್ಯಾಯ. ಸುಬ್ಬಲಕ್ಷ್ಮಮ್ಮನ ಕಣ್ಣೀರು ಒಂದು ಅಡಿಟಿಪ್ಪಣಿ. ತಾನು ಓದಿದ್ದಕ್ಕೆಲ್ಲ ಬೆಂಕಿ ಹಾಕಬೇಕು ಅನ್ನಿಸಿತು.

ಅವರ ಮನೆ ನಂಜನಗೂಡಿನಲ್ಲಿ, ರೈಲು ಹಳಿಯ ಆಚೆ. ಅಮ್ಮ ಪುಟ್ಟಮಾದಮ್ಮ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದವಳು. ಗಂಡ ಸತ್ತ ಮೇಲೆ ಆ ಸಂಬಳದಲ್ಲೇ ಮಗಳನ್ನು ಓದಿಸಿದವಳು. ಮಗಳು ಊಟ ಬಿಟ್ಟು ಕೂತದ್ದನ್ನು ಕೆಲವು ದಿನ ನೋಡಿ, ಕೊನೆಗೆ ಎದುರಿಗೆ ಬಂದು ಕುಕ್ಕರುಗಾಲಲ್ಲಿ ಕೂತಳು.

"ಏನಾಯ್ತು ಅಂತ ಏಳು."

ಕೋಮಲ ಎಲ್ಲ ಹೇಳಿದಳು. ಬೈಕಿನ ಸಂಗತಿಯನ್ನೂ ಹೇಳಿದಳು.

ಪುಟ್ಟಮಾದಮ್ಮ ಮಗಳ ಕೆದರಿದ ಕೂದಲನ್ನು ಹಿಂದಕ್ಕೆ ಸರಿಸಿದಳು. "ಬ್ಯಾಡ ಅಂದಿದ್ದು ತಪ್ಪಲ್ಲ ಬುಡು. ನಿನ್ನ ಕೈ, ನಿನ್ನ ಇಷ್ಟ. ನಾನೂ ಎಷ್ಟೋ ಕಡೆ ನೀರಡಿಕೆ ಇದ್ರೂ ಇಲ್ಲ ಅಂದಿವ್ನಿ."

"ಮತ್ತೆ ಯಾಕಮ್ಮ ಇಷ್ಟು ಸಂಕಟ?"

"ಅವನ ಮುಂದೆ ನಿಯಮ ಅಂದ್ಯಲ್ಲ, ಅದಕ್ಕೆ. ನಿಂಗೆ ಭಯ ಇತ್ತು. ಭಯ ಅಂತ ಅನ್ನಕ್ಕೆ ನಾಚ್ಕೆ ಆಯ್ತು. ನಂಗಾದ್ರೂ ಅಷ್ಟೇ, ಅಂಗೇ ಆಯ್ತಿತ್ತು." ಎದ್ದು ಸೊಂಟ ನೀವಿಕೊಂಡಳು. "ಏಳು, ಮುದ್ದೆ ಆರೋಯ್ತದೆ."

ಕೋಮಲ ಎದ್ದಳು. ಆದರೆ ತಟ್ಟೆಯಲ್ಲಿ ಮುದ್ದೆಯನ್ನು ಸುಮ್ಮನೆ ಮುರಿಯುತ್ತ ಕೂತಳು. ಅಮ್ಮ ಹೇಳಿದ್ದು ನಿಜ, ಪೂರ್ತಿ ನಿಜವಲ್ಲ. ಯಾವ ಭಯ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು.

* * *

ಮುಂದಿನ ವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ ಕೆಮ್ಮಿದರು.

ಕಾಂತರಾಜು. ಮನೆ ಕೇಳಿ ಕೇಳಿ ಹುಡುಕಿಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ನಿದ್ದೆ ಇಲ್ಲದ ಕಣ್ಣು. ಕೈಯಲ್ಲಿ ಏನೂ ಇರಲಿಲ್ಲ.

ಕೋಮಲ ತನಗರಿವಿಲ್ಲದೆ ಬಾಗಿಲ ಹತ್ತಿರ ಬಂದಿದ್ದಳು. ಅದರ ಹಿಂದೆಯೇ ಸಿಟ್ಟೂ ಬಂತು. ಅವಳು ಬಾ ಅನ್ನುವ ಮೊದಲೇ ಪುಟ್ಟಮಾದಮ್ಮ ಅಂದಳು. "ಬಾಪ್ಪ ಒಳಕ್ಕೆ. ಬಸ್ಸಲ್ಲಿ ಬಂದ್ಯಾ? ಊಟ ಮಾಡಿರಾಕಿಲ್ಲ."

ಬುದ್ಧನ ಪಟದ ಕೆಳಗೆ ಚಾಪೆ ಹಾಕಿ ತಟ್ಟೆ ಇಟ್ಟಳು. ಮುದ್ದೆ, ಉಪ್ಸಾರು, ಪಕ್ಕದಲ್ಲಿ ಖಾರ. ಅವನು ಕೂತ. ಮುದ್ದೆ ಮುರಿದು ಖಾರಕ್ಕೆ ಅದ್ದಿ ನುಂಗಿದ. ಹಸಿದವನ ಊಟ, ತೋರಿಕೆಯದಲ್ಲ. ಅರ್ಧ ಮುದ್ದೆ ಮುಗಿದ ಮೇಲೆ ತಲೆ ಎತ್ತದೆಯೇ ಮಾತಾಡಿದ.

"ಕೇಳ್ದೆ."

ಕೋಮಲ ಬಾಗಿಲ ಹತ್ತಿರವೇ ನಿಂತಿದ್ದಳು.

"ಅವ್ವನ್ನ ಕೇಳ್ದೆ. ಜಗಲಿ ಗೂಡಲ್ಲಿ ಒಂದು ಲೋಟ ಐತೆ, ಗದ್ದೆ ಕೆಲಸಕ್ಕೆ ಬರೋರಿಗೆ ಅಂತ. ಅದ್ರಲ್ಲೇ ಕೊಡ್ತಿದ್ದೆ ಅಂದ್ಳು." ಅವನ ಕೈ ತಟ್ಟೆಯಲ್ಲೇ ನಿಂತಿತು. "ಆ ಗೂಡಿನ ಕೆಳಗೇ ನಾನು ದಿನಾ ಚಪ್ಪಲಿ ಬಿಡೋದು. ಹುಟ್ಟಿದಾಗಿಂದ ನೋಡ್ತಾ ಇದ್ದೀನಿ. ನೋಡೇ ಇಲ್ಲ."

ಪುಟ್ಟಮಾದಮ್ಮ ಒಲೆಯ ಕಡೆ ತಿರುಗಿಕೊಂಡಳು.

"ಆಮೇಲೆ ಸುಬ್ಬಲಕ್ಷ್ಮಮ್ಮನ ಮನೆಗೆ ಹೋದೆ. ನಾನು ಆ ಬೀದಿಗೆ ಹೋಗಿ ಐದು ವರ್ಷ ಆಗಿತ್ತು. ಅಲ್ಲೂ ಕೇಳ್ದೆ. ನಮ್ಮನೇಲೂ ಒಂದು ಐತೆ ಮಗ ಅಂದ್ರು." ನಗಲು ಹೋದ, ಆಗಲಿಲ್ಲ. "ಡೈರಿ, ಮದ್ವೆ, ಸಾವು... ಯಾವುದ್ರಲ್ಲೂ ಎರಡು ಬೀದಿ ಒಂದಾಗ್ನಿಲ್ಲ. ಆ ಲೋಟದ ವಿಷಯದಲ್ಲಿ ಮಾತ್ರ ನಮಗೆ ಜಗಳಾನೇ ಇಲ್ಲ ನೋಡಿ."

ಇಷ್ಟು ತಿಂಗಳು ಕೋಮಲ ಆ ಊರಿನ ಜಗಳವನ್ನು ಓದಿದ್ದಳು. ಜಗಳವೇ ಇಲ್ಲದ ಕಡೆ ಏನಿದೆ ಎಂದು ಓದಿರಲಿಲ್ಲ. ತನಗೆ ಗೊತ್ತಿದ್ದೂ ಓದಿರಲಿಲ್ಲ.

"ಇದನ್ನ ಹೇಳೋಕೆ ಬಂದ್ರಾ?" ಎಂದಳು. ಮಾತು ಅಂದುಕೊಂಡದ್ದಕ್ಕಿಂತ ಒರಟಾಗಿ ಬಂತು.

"ಹೂಂ. ಲೋಟ ಇರ್ನಿಲ್ಲ ಅಂತ ಹೇಳಿದ್ರೆ ಸುಲಭ ಆಗ್ತಿತ್ತು. ಬಸ್ಸಲ್ಲಿ ಅದೇ ಯೋಚ್ನೆ ಮಾಡ್ಕೊಂಡು ಬಂದೆ."

"ಆ ಲೋಟ ಏನಾಯ್ತು?"

"ತೆಗೆದು ಒಳಗಿನ ಲೋಟದ ಜೊತೆ ಸೇರ್ಸಿದೆ. ಈಗ ಯಾವುದು ಯಾವುದು ಅಂತ ಅವ್ವಂಗೂ ಗೊತ್ತಾಗಲ್ಲ. ಅವತ್ತಿಂದ ಅವಳು ಬೊಗಸೇಲಿ ನೀರು ಕುಡೀತಾ ಅಳ್ತಾವ್ಳೆ. ಅಪ್ಪ ಕೂಗಾಡಿದ್ರು. ಸುಬ್ಬಲಕ್ಷ್ಮಮ್ಮನ ಕ್ಯಾನು ನಾನೇ ಹೊತ್ಕೊಂಡು ಬಂದು ಸುರಿದೆ. ಅಪ್ಪ ಬಾಗಿಲಲ್ಲಿ ನಿಂತು ನೋಡಿದ್ರು, ಒಳಗೆ ಹೋದ್ರು. ಈಗ ಕೆಳಗಿನ ಬೀದೀಲಿ ನಾಲ್ಕಾರು ಮನೆಯವರು ಬರ್ತಾರೆ, ಮಿಕ್ಕವರು ಬರಲ್ಲ." ತಟ್ಟೆಯಿಂದ ತಲೆ ಎತ್ತಿ ಮೊದಲ ಸಲ ಅವಳನ್ನು ನೇರ ನೋಡಿದ. "ಏನೂ ಸರಿ ಹೋಗಿಲ್ಲ ಮೇಡಂ. ಎಲ್ಲ ಹಾಳಾಗೇ ಇದೆ. ಅದ್ರ ಮಧ್ಯ ಬಂದು, ನಿಮ್ಮನ್ನ ಮದ್ವೆ ಆಗ್ಬೇಕು ಅಂತ ಆಸೆ ಇದೆ ಅಂತ ಹೇಳ್ತಾ ಇದ್ದೀನಿ. ಸರಿ ಹೋದ್ಮೇಲೆ ಹೇಳೋಣ ಅಂದ್ರೆ ಮುದುಕ ಆಗಿಬಿಡ್ತೀನಿ."

ಒಲೆಯ ಹತ್ತಿರ ಪಾತ್ರೆಯೊಂದು ಸದ್ದು ಮಾಡಿತು. ಪುಟ್ಟಮಾದಮ್ಮ ಬಿಂದಿಗೆ ಎತ್ತಿಕೊಂಡಳು. "ನಲ್ಲೀಲಿ ನೀರು ಬಂದೈತೇನೋ ನೋಡ್ಕೊ ಬತ್ತೀನಿ," ಎಂದು ಹೊರಗೆ ಹೋದಳು. ನಲ್ಲಿಯಲ್ಲಿ ನೀರು ಬರುವುದು ಸಂಜೆ.

ಕೋಮಲ ನಿಧಾನವಾಗಿ ಬಂದು ಅವನ ಎದುರು ಕೂತಳು. ಓದಿದ ಸಂಧಾನದ ಸೂತ್ರಗಳಲ್ಲಿ ಒಂದೂ ನೆನಪಾಗಲಿಲ್ಲ.

"ನಾನೂ ಒಂದು ಹೇಳಬೇಕು. ನಿಯಮ ಅಂದೆನಲ್ಲ... ಅದು ಅರ್ಧ ನಿಜ." ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. "ಮೊದಲ ದಿನ ಬೇಡ ಅಂದಿದ್ದು ಅಭ್ಯಾಸದಿಂದ. ಆಮೇಲೆ, ಆ ರಸ್ತೆಯಲ್ಲಿ ನಡೆದ ಮೇಲೆ, ಬೇಡ ಅಂದಿದ್ದು ನಿಮ್ಮಿಂದ. ನಿಮ್ಮನೇಲಿ ಆ ಲೋಟ ನೋಡಿಬಿಟ್ರೆ ನಿಮ್ಮನ್ನ ಪ್ರೀತಿಸೋಕೆ ಆಗಲ್ಲ ಅಂತ ಹೆದರಿದೆ. ನೋಡದೇ ಇದ್ರೆ ಪ್ರೀತಿಸಬಹುದಿತ್ತು. ಅದಕ್ಕೆ ನೋಡಲಿಲ್ಲ."

ಕಾಂತರಾಜು ಎಂಜಲು ಕೈ ಹಿಡಿದುಕೊಂಡೇ ಕೂತಿದ್ದ.

"ಈಗ ಗೊತ್ತಾಯ್ತಲ್ಲ. ಈಗ?"

"ಈಗ ಸಿಟ್ಟು ಬಂದಿದೆ. ನಿಮ್ಮ ಮೇಲೆ, ನಿಮ್ಮೂರ ಮೇಲೆ, ನನ್ನ ಗೈಡ್ ಮೇಲೆ." ಮೂಗು ಎಳೆದುಕೊಂಡಳು. "ಪ್ರೀತಿ ಹೋಗಿಲ್ಲ. ಹೋಗುತ್ತೆ ಅಂದ್ಕೊಂಡಿದ್ದೆ, ಹೋಗಿಲ್ಲ. ಅದಕ್ಕೂ ಸಿಟ್ಟು."

ಅವನ ಮುಖ ಅರಳಿತು. ಅದನ್ನು ಕಂಡು ಅವಳು ಬೆರಳೆತ್ತಿದಳು.

"ನಗಬೇಡಿ. ನನ್ನ ಷರತ್ತು ಕೇಳಿ. ನಾನು ಓದು ಬಿಡಲ್ಲ. ಕೊಪ್ಪಲಿನ ಮೇಲೆ ಬರೆಯೋದೂ ಬಿಡಲ್ಲ, ಆದ್ರೆ ಇನ್ಮೇಲೆ ಹೊರಗಿನವಳು ಅಂತ ಬರೆಯಲ್ಲ. ಮೇಡಂಗೆ ಎಲ್ಲ ಹೇಳ್ತೀನಿ, ಒಪ್ಪದಿದ್ರೆ ಬೇರೆ ಗೈಡ್ ನೋಡ್ತೀನಿ. ನಿಮ್ಮ ನೆಂಟರ ಮುಂದೆ ಮೈಸೂರಿನ ಕಡೆ ಹುಡುಗಿ, ದೊಡ್ಡ ಓದು ಅಂತ ಹೇಳಿ ಮುಚ್ಚಿಡಬಾರದು. ಯಾವ ಜನ ಅಂತ ಕೇಳಿದ್ರೆ ಇದ್ದದ್ದು ಹೇಳಬೇಕು. ಮತ್ತೆ ನಿಮ್ಮ ಮನೆಗೆ ನಾನು ಬರೋದು ನಮ್ಮಮ್ಮನ ಜೊತೆ. ಅಮ್ಮ ಜಗಲಿ ಮೇಲೆ ಕೂರಲ್ಲ."

"ಒಪ್ಪಿದೆ."

"ಅಷ್ಟು ಬೇಗ ಒಪ್ಪಬೇಡ್ರೀ. ಬೇಗ ಒಪ್ಪಿದ್ದು ಬೇಗ ಮುರಿಯುತ್ತೆ. ಯೋಚಿಸಿ."

ಅವನು ನಿಜಕ್ಕೂ ಯೋಚಿಸಿದ. ಹೊರಗೆ ಮೈಸೂರಿನ ರೈಲು ಹಾದುಹೋಗುವವರೆಗೂ ಮಾತಾಡಲಿಲ್ಲ. ಕೋಮಲಳಿಗೆ ಆ ಮೌನ ಇಷ್ಟವಾಯಿತು.

"ಮೊದಲಿನದು ಸುಲಭ. ಎರಡನೇದು, ಸೋದರಮಾವಂದಿರ ಮುಂದೆ ಹೇಳೋವಾಗ ಗಂಟಲು ಹಿಡಿಯುತ್ತೆ. ಆದ್ರೂ ಹೇಳ್ತೀನಿ. ಕೊನೇದು..." ಅವನು ನಿಟ್ಟುಸಿರು ಬಿಟ್ಟ. "ಅವ್ವ ಬಾಗಿಲು ತೆಗೀತಾಳೋ ಇಲ್ವೋ ಗೊತ್ತಿಲ್ಲ. ತೆಗೀದಿದ್ರೆ ನಾನೂ ಒಳಗೆ ಹೋಗಲ್ಲ. ಡೈರಿ ಹಿಂದೆ ಒಂದು ಕೋಣೆ ಇದೆ, ಹಾಲಿನ ವಾಸನೆ, ಅಷ್ಟೇ."

"ಹಾಲಿನ ವಾಸನೆ ನನಗೆ ಆಗಲ್ಲ."

"ನಂಗೂ ಆಗಲ್ಲ. ಏನ್ಮಾಡೋದು, ಕೆಲಸ."

ಅವಳಿಗೆ ಅಳುವಿನ ಮಧ್ಯೆಯೇ ನಗು ಬಂತು. ತಟ್ಟೆ ಖಾಲಿಯಾಗಿತ್ತು. ಕೇಳದೆಯೇ ಇನ್ನೊಂದು ಮುದ್ದೆ ತಂದು ಹಾಕಿದಳು, ಸಾರು ಬಿಟ್ಟಳು.

"ನನ್ನದೂ ಒಂದು ಷರತ್ತು ಇದೆ," ಎಂದ ಅವನು ಮೆಲ್ಲಗೆ.

"ಏನು?"

"ಮೇಡಂ ಅನ್ನೋದು ಬಿಟ್ಟು ನಾನು ನಿಮ್ಮನ್ನ ಹೆಸರು ಹಿಡಿದು ಕರೀಬೇಕು."

"ಕರೀರಿ."

ಅವನು ಬಾಯಿ ತೆರೆದ, ಮುಚ್ಚಿದ. ಊರಿನೆದುರು ಅಪ್ಪನಿಗೆ ಎದುರು ನಿಂತವನಿಗೆ ಮೂರಕ್ಷರ ಹೊರಡಲಿಲ್ಲ. ಕಿವಿಯೆಲ್ಲ ಕೆಂಪಗಾಯಿತು.

"ಮೊದಲು ಉಣ್ಣಿ," ಎಂದಳು ಕೋಮಲ. "ನನಗೇನೂ ಅವಸರ ಇಲ್ಲ."

"ನಂಗೆ ಇದೆ," ಎಂದ ಅವನು. "ಕೋ... ಕೋಮಲ, ಸ್ವಲ್ಪ ಉಪ್ಪು ಕೊಡ್ತೀಯಾ?"